ಗುಳ್ಳೆ ನೋಡಿ ಮರುಳಾಗಬೇಡಿ

ಹಿತ್ತಿಲಲ್ಲಿ ಹೊಸ ಕೊಳ ಮಾಡಿಸಿದವರು ಏರ್ ಪಂಪ್ ಹಾಕಿಸಿದ ದಿನ ಬಂದವರಿಗೆಲ್ಲ ಗುಳ್ಳೆ ತೋರಿಸುತ್ತಾರೆ. ಚಂದವೇನೋ ಹೌದು. ಆದರೆ ನೀರಿಗೆ ಆಮ್ಲಜನಕ ತುಂಬುವುದು ಆ ಗುಳ್ಳೆಗಳೇ ಎಂಬ ನಂಬಿಕೆ ಅರ್ಧ ಸತ್ಯ. ಮೂರು ಅಡಿ ನೀರಿನಲ್ಲಿ ಗುಳ್ಳೆ ತಳದಿಂದ ಮೇಲೆ ಬರಲು ಕೆಲವೇ ಕ್ಷಣ ಸಾಕು. ಅಷ್ಟರಲ್ಲಿ ಅದು ಬಿಟ್ಟುಕೊಡುವ ಆಮ್ಲಜನಕ ಸ್ವಲ್ಪವೇ. ಅದರ ನಿಜವಾದ ಕೆಲಸ ತಳದ ನೀರನ್ನು ಎತ್ತಿ ತಂದು ಮೇಲ್ಮೈಯನ್ನು ಕಲಕುವುದು. ಕೊಳ ಗಾಳಿಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಅಲ್ಲೇ.

‘ಗಿಡ, ಪಾಚಿ ಬೇಕಾದಷ್ಟಿದೆ, ಪಂಪ್ ಯಾಕೆ?’ ಎನ್ನುವವರು ಹಗಲಿನ ಲೆಕ್ಕ ಮಾತ್ರ ನೋಡುತ್ತಾರೆ. ಬಿಸಿಲಿದ್ದಾಗ ಆಮ್ಲಜನಕ ಕೊಡುವ ಪಾಚಿ ಕತ್ತಲಾದ ಮೇಲೆ ಮೀನಿನ ಜೊತೆಗೇ ಪಾಲಿಗೆ ನಿಲ್ಲುತ್ತದೆ. ಹಾಗಾಗಿ ಕೊಳಕ್ಕೆ ಅತಿ ಕಷ್ಟದ ಹೊತ್ತು ನಸುಕು. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದರೆ ಹಸಿವೆಂದು ತಿಳಿಯುವವರೇ ಹೆಚ್ಚು. ನಾನೂ ಹಾಗೆಂದುಕೊಂಡು ಎರಡು ಹಿಡಿ ತೌಡು ಎಸೆದವನೇ. ಉಸಿರಿಗೆ ಒದ್ದಾಡುವ ಮೀನು ತಿನ್ನುವುದಿಲ್ಲ. ತೌಡು ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ತಿನ್ನುತ್ತದೆ.

ಆದರೂ ಸದ್ದು, ಕರೆಂಟ್ ಬಿಲ್ ಎಂದು ಜನ ಪಂಪ್ ಆರಿಸುವುದು ರಾತ್ರಿಯೇ! 40 ವ್ಯಾಟ್‌ನ ಪಂಪ್ ಇಡೀ ದಿನ ಓಡಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ. ಆರಿಸಲೇಬೇಕಿದ್ದರೆ ಬಿಸಿಲಿರುವ ಹಗಲಲ್ಲಿ ಆರಿಸಿ. ಮೋಡ ಕವಿದ ದಿನ ಅದೂ ಬೇಡ. ಬೇಸಿಗೆಯಲ್ಲಂತೂ ನೀರಿನ ಶಕ್ತಿಯೇ ಕುಂದುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಾತ್ರ.

‘ಇನ್ನೂ ಮೀನೇ ಬಿಟ್ಟಿಲ್ಲ, ಈಗಲೇ ಯಾಕೆ?’ ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ಪಳಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ವಾರಗಟ್ಟಲೆ ಬೇಕು, ಅವಕ್ಕೂ ಆಮ್ಲಜನಕ ಬೇಕು. ಹೊಸ ಕೊಳದಲ್ಲಿ ಮೊದಲ ದಿನದಿಂದಲೇ ಪಂಪ್ ಓಡಲಿ. ಕೆಸರು ತುಂಬಿದ ಹಳೆಯ ಹೊಂಡವಾದರೆ ಹಾಗಲ್ಲ, ದಿನಕ್ಕಿಷ್ಟು ಹೊತ್ತೆಂದು ಹೆಚ್ಚಿಸುತ್ತ ಹೋಗಬೇಕು. ಇಲ್ಲದಿದ್ದರೆ ತಳದ ಕೆಟ್ಟ ನೀರು ಒಮ್ಮೆಲೇ ಮೇಲೆದ್ದು ಮೀನು ಸಾಯಬಹುದು.

ಪಂಪನ್ನು ಎಲ್ಲಿಟ್ಟರೂ ನಡೆಯುತ್ತದೆ ಎಂಬುದು ಕರೆಂಟ್ ಹೋಗುವವರೆಗಿನ ಮಾತು. ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳದ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೇ ಇಳಿಯುತ್ತದೆ. ಮಟ್ಟಕ್ಕಿಂತ ಮೇಲಿಡಿ, ಮಳೆ ತಾಗದ ಕಡೆ. ಆಗದಿದ್ದರೆ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಪೈಪಿನ ತುದಿಯಲ್ಲಿ ಗುಳ್ಳೆ ಬಿಡುವ ಏರ್‌ಸ್ಟೋನನ್ನು ನೈದಿಲೆಯ ಬುಡದಲ್ಲಿ ಮಾತ್ರ ಇಡಬೇಡಿ. ಅದು ನಿಂತ ನೀರಿನ ಗಿಡ.