ಒಂದುಗಳ ಸರ: 4 ಕೋಟಿ ಅಂಕಿಗಳ ಸಂಖ್ಯೆ ನಿಮ್ಮ ಫೋನನ್ನು ಕಾಯುತ್ತಾ?

ನಿರ್ಣಾದಿಂದ ಮಾತಾಡ್ತಿದ್ದೀನಿ. ಮೊದಲು ಒಂದು ತಪ್ಪೊಪ್ಪಿಗೆ. ಹೋದ ಎಪಿಸೋಡ್‌ನಲ್ಲಿ, "ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯೇ ನಿಮ್ಮ ಫೋನಿನ ಪೇಮೆಂಟ್ ಕಾಯುತ್ತೆ" ಅಂತ ಹೇಳಿಬಿಟ್ಟೆ. ಮರುದಿನ ನಮ್ಮೂರಿನ ಹತ್ತನೇ ಕ್ಲಾಸಿನ ಹುಡುಗಿ ಕೇಳಿದಳು: "ಅಣ್ಣಾ, ಎಲ್ಲರಿಗೂ ಗೊತ್ತಿರೋ ಸಂಖ್ಯೆ ಗುಟ್ಟು ಹೆಂಗ ಆಗ್ತದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಇವತ್ತು ಮತ್ತೆ ಮೊದಲಿಂದ.

1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. 2, 3, 5, 7, 11 ಹೀಗೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್, 'ಗಿಂಪ್ಸ್' ಎಂಬ ಸ್ವಯಂಸೇವಕರ ಯೋಜನೆಯ ಮೂಲಕ, ಅಲ್ಲಿಯವರೆಗೆ ತಿಳಿದಿದ್ದ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯವನ್ನು ಕಂಡುಹಿಡಿದರು. 13,62,79,841 ಎರಡುಗಳನ್ನು ಗುಣಿಸಿ, 1 ಕಳೆದರೆ ಅದೇ ಸಂಖ್ಯೆ. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೊಂದರಂತೆ ಓದಿದರೆ, ಊಟ ನಿದ್ದೆ ಬಿಟ್ಟರೂ ಸುಮಾರು 475 ದಿನ ಬೇಕು!

ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಇದು ಬರೀ ಒಂದುಗಳ ಸರ. ಅಲ್ಲಿ 3 ಅಂದ್ರೆ 11, 7 ಅಂದ್ರೆ 111. ನಮ್ಮ ಸಂಖ್ಯೆಯ ಸರದಲ್ಲಿ 13,62,79,841 ಮಣಿಗಳು.

ಸರ ಅಂದಕೂಡಲೇ ನನಗೆ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ ನೆನಪಾಗುತ್ತೆ. ಅದು ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಕೊರಳ ಹಾರದಂಥ ಗುಣಲಬ್ಧಗಳಿವೆ. ಫೋನಿನಲ್ಲೇ ಗುಣಿಸಿ ನೋಡ್ರಿ: 12345679 × 9 = 111111111.

ಒಂಬತ್ತು ಮಣಿಗಳ ಈ ಸರವನ್ನು ಮೂರು ಮೂರಾಗಿ ಕತ್ತರಿಸಬಹುದು. ಅದಕ್ಕೇ 111 ಇದನ್ನು ಭಾಗಿಸುತ್ತೆ. ದ್ವಿಮಾನದಲ್ಲೂ ಇದೇ ನಿಯಮ. ಅಂದ್ರೆ ಸರ ಅವಿಭಾಜ್ಯ ಆಗಬೇಕಾದರೆ ಮಣಿಗಳ ಲೆಕ್ಕವೂ ಅವಿಭಾಜ್ಯವೇ ಆಗಿರಬೇಕು. ಆದರೆ ಅಷ್ಟೇ ಸಾಲದು. ದ್ವಿಮಾನದಲ್ಲಿ 11 ಮಣಿಗಳ ಸರ ಅಂದ್ರೆ 2047. ಅದು 23 × 89 ಆಗಿ ಒಡೆದುಹೋಗುತ್ತೆ. ಹಾಗಾಗಿ ಸರ ನಿಜಕ್ಕೂ ಅವಿಭಾಜ್ಯವೇ ಅಂತ ಖಚಿತಪಡಿಸಲು ಲ್ಯೂಕಾಸ್–ಲೆಹ್ಮರ್ ಎಂಬ ಪರೀಕ್ಷೆ ಇದೆ.

ಈಗ ಆ ಹುಡುಗಿಯ ಪ್ರಶ್ನೆ. ಆರ್‌ಎಸ್‌ಎ ಎಂಬ ಡಿಜಿಟಲ್ ಬೀಗದಲ್ಲಿ ಸಾಮಾನ್ಯವಾಗಿ ತಲಾ 300ಕ್ಕೂ ಹೆಚ್ಚು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸುತ್ತಾರೆ. ಗುಣಲಬ್ಧ ಎಲ್ಲರಿಗೂ ಕಾಣುತ್ತೆ, ಆ ಎರಡು ಸಂಖ್ಯೆಗಳು ಮಾತ್ರ ಗುಟ್ಟು. ಬೀಗದ ಬಲ ಇರೋದು ಆ ಗುಟ್ಟಿನಲ್ಲಿ. ಊರಿಗೆಲ್ಲ ಗೊತ್ತಾದ 4 ಕೋಟಿ ಅಂಕಿಯ ಸಂಖ್ಯೆ ಬೀಗಕ್ಕೆ ಬರಲ್ಲ.

ಮತ್ತೆ ಯಾಕೆ ಹುಡುಕ್ತಾರೆ? ಕಂಪ್ಯೂಟರುಗಳಿಗೆ ಇದು ಕಠಿಣ ಪರೀಕ್ಷೆ, ಗುಣಾಕಾರದ ವೇಗದ ವಿಧಾನಗಳಿಗೆ ಗರಡಿಮನೆ. ಉಳಿದದ್ದು ಕುತೂಹಲ, ಮಳಖೇಡದಲ್ಲೂ ಇದ್ದದ್ದು ಅದೇ.

ತಪ್ಪು ತಿದ್ದಿದ ತಂಗಿಗೆ ಥ್ಯಾಂಕ್ಸ್. ನಿಮಗೂ ಅನುಮಾನ ಬಂದರೆ ಬಿಡಬೇಡ್ರಿ, ಕೇಳ್ರಿ. ಮತ್ತೆ ಸಿಗೋಣ.