ಉಪ್ಪಿನ ಕೈಹಿಡಿದ ಸಕ್ಕರೆ

ನಮ್ಮ ಹಳೆಯ ಮನೆಗಳಲ್ಲಿ ಮಗುವಿಗೆ ಭೇದಿ ಹತ್ತಿದರೆ ಎರಡು ಮಾತುಗಳು ಒಟ್ಟಿಗೇ ಕೇಳಿಬರುತ್ತಿದ್ದವು. 'ನೀರು ಕೊಡಬೇಡಿ, ಕುಡಿದದ್ದೆಲ್ಲ ಹಾಗೆಯೇ ಹೊರಟುಹೋಗುತ್ತದೆ' ಎಂಬುದು ಒಂದು. 'ಉಪ್ಪು ಹಾಕಿ ತೆಳ್ಳಗೆ ಗಂಜಿ ಕಾಯಿಸಿ ಕುಡಿಸಿ' ಎಂಬುದು ಇನ್ನೊಂದು. ನನ್ನ ಅಜ್ಜಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅವುಗಳ ನಡುವೆ ವಿರೋಧವಿದೆಯೆಂದು ಅವರಿಗೆ ತೋರಿದಂತಿಲ್ಲ. ಮೊದಲನೆಯ ಮಾತು ಎಷ್ಟೋ ಎಳೆಯ ಜೀವಗಳನ್ನು ಕಳೆದಿದೆ. ಎರಡನೆಯದು ಎಷ್ಟೋ ಜೀವಗಳನ್ನು ಉಳಿಸಿರಬೇಕು. ಇದರ ಕಾರಣ ತಿಳಿಯಬೇಕಾದರೆ ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿರುವ, ಕಣ್ಣಿಗೆ ಕಾಣದ ಒಂದು ಬಾಗಿಲಿನ ಬಳಿಗೆ ಹೋಗಬೇಕು.

ಅನ್ನವಾಗಲಿ ರಾಗಿಯಾಗಲಿ ಜೋಳವಾಗಲಿ, ಅದರಲ್ಲಿ ಬಹುಭಾಗ ಪಿಷ್ಟ. ಗ್ಲೂಕೋಸ್ ಎಂಬ ಸಕ್ಕರೆಯ ಅಣುಗಳನ್ನು ಸಾವಿರಗಟ್ಟಲೆ ಪೋಣಿಸಿದ ಸರವೇ ಪಿಷ್ಟ. ಬಾಯಿಯ ಜೊಲ್ಲು ಈ ಸರವನ್ನು ಕತ್ತರಿಸತೊಡಗುತ್ತದೆ. ಮೇದೋಜೀರಕ ಗ್ರಂಥಿಯ ರಸ ಆ ಕೆಲಸವನ್ನು ಮುಂದುವರಿಸುತ್ತದೆ. ಉಳಿದ ಚೂರುಗಳನ್ನು ಕರುಳಿನ ಗೋಡೆಯ ಕಿಣ್ವಗಳು ಬಿಡಿಸುತ್ತವೆ. ಕೊನೆಗೆ ಉಳಿಯುವುದು ಬಿಡಿಬಿಡಿಯಾದ ಗ್ಲೂಕೋಸ್. ಅದು ರಕ್ತವನ್ನು ಸೇರಬೇಕಾದರೆ ಕರುಳಿನ ಜೀವಕೋಶದ ಪೊರೆಯನ್ನು ದಾಟಬೇಕು. ತೊಡಕಿರುವುದು ಇಲ್ಲಿಯೇ. ಪೊರೆ ಕೊಬ್ಬಿನ ಪದರ. ಗ್ಲೂಕೋಸ್ ನೀರಿಗೆ ಒಲಿದ ವಸ್ತು. ಎಣ್ಣೆ ನೀರುಗಳ ಸ್ನೇಹ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು ಅದನ್ನು ಒಳಗೆ ಸಾಗಿಸಬೇಕಾಗುತ್ತದೆ.

ಈ ಸಾಗಣೆಗಾರನಿಗೆ ಒಂದು ವಿಚಿತ್ರ ನಿಯಮವಿದೆ: ಗ್ಲೂಕೋಸನ್ನು ಒಂಟಿಯಾಗಿ ಒಳಗೆ ಬಿಡುವುದಿಲ್ಲ. ಒಂದು ಗ್ಲೂಕೋಸ್ ಅಣುವಿನ ಜೊತೆಗೆ ಎರಡು ಸೋಡಿಯಂ ಅಯಾನುಗಳು, ಎಂದರೆ ನಮ್ಮ ಅಡುಗೆ ಉಪ್ಪಿನ ಒಂದು ಪಾಲು, ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಮೆರಿಕದ ಜೀವರಸಾಯನಜ್ಞ ರಾಬರ್ಟ್ ಕ್ರೇನ್ ಈ ಜೋಡಿಪ್ರವೇಶದ ಕಲ್ಪನೆಯನ್ನು 1960ರಲ್ಲಿ ಪ್ರಾಗ್ ನಗರದ ವಿಜ್ಞಾನಿಗಳ ಕೂಟವೊಂದರಲ್ಲಿ ಮುಂದಿಟ್ಟರು.

ಸೋಡಿಯಂ ತಾನಾಗಿ ಒಳಕ್ಕೆ ನುಗ್ಗುವುದೇಕೆ? ಜೀವಕೋಶದ ಒಳಗೆ ಅದು ತೀರ ಕಡಿಮೆ, ಹೊರಗೆ ಹೆಚ್ಚು. ಕೆರೆಯ ತೂಬು ತೆರೆದರೆ ನೀರು ತಗ್ಗಿಗೆ ಹರಿಯುವಂತೆ ಸೋಡಿಯಂ ಒಳಕ್ಕೆ ಹರಿಯುತ್ತದೆ. ಆ ಸೆಳೆತದಲ್ಲಿ ಗ್ಲೂಕೋಸೂ ಸಾಗುತ್ತದೆ. ಆದರೆ ತಗ್ಗು ತಗ್ಗಾಗಿಯೇ ಉಳಿಯಬೇಕಲ್ಲ! ಅದಕ್ಕಾಗಿ ಜೀವಕೋಶದ ಮತ್ತೊಂದು ಮಗ್ಗುಲಿನಲ್ಲಿ, ರಕ್ತನಾಳದ ಕಡೆಗೆ, ಒಂದು ಪಂಪು ಹಗಲಿರುಳೂ ದುಡಿಯುತ್ತಿರುತ್ತದೆ. ಪ್ರತಿ ಸಲವೂ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ ಇದರ ಸುಳಿವನ್ನು ಕಂಡದ್ದು ಏಡಿಯ ಕಾಲಿನ ನರದಲ್ಲಿ, 1957ರಲ್ಲಿ. ನೊಬೆಲ್ ಬಹುಮಾನ ಬಂದದ್ದು ನಲವತ್ತು ವರ್ಷಗಳ ಅನಂತರ. ಪಂಪಿನ ಇಂಧನ ನಾವು ಉಂಡ ಅನ್ನವೇ. ಉಂಡದ್ದನ್ನು ಒಳಗೆ ತರುವುದಕ್ಕೂ ಹಿಂದೆ ಉಂಡದ್ದರ ಒಂದು ಪಾಲನ್ನು ಉರಿಸಬೇಕು!

ಇನ್ನು ನೀರಿನ ಮಾತು. ದಿನವೊಂದಕ್ಕೆ ನಮ್ಮ ಕರುಳಿನೊಳಗೆ ಸುಮಾರು ಎಂಟೊಂಬತ್ತು ಲೀಟರು ದ್ರವ ಇಳಿಯುತ್ತದೆ. ನಾವು ಕುಡಿದದ್ದು ಅದರಲ್ಲಿ ಎರಡು ಲೀಟರಿನಷ್ಟು. ಉಳಿದುದು ಜೊಲ್ಲು, ಜಠರರಸ, ಪಿತ್ತ ಮುಂತಾಗಿ ದೇಹವೇ ಸುರಿದದ್ದು. ಇಷ್ಟರಲ್ಲಿ ಮಲದೊಡನೆ ಹೊರಗೆ ಹೋಗುವುದು ನೂರಿನ್ನೂರು ಮಿಲಿಲೀಟರು ಮಾತ್ರ. ಮಿಕ್ಕದ್ದೆಲ್ಲ ಹಿಂದಕ್ಕೆ ಹೀರಲ್ಪಡುತ್ತದೆ. ಆದರೆ ನೀರಿಗೆ ತನ್ನದೇ ಆದ ಪಂಪಿಲ್ಲ. ಉಪ್ಪು ಸಕ್ಕರೆಗಳು ಎತ್ತ ಹೋದರೆ ನೀರೂ ಅತ್ತ ಹೋಗುತ್ತದೆ, ಅಷ್ಟೆ.

ವಾಂತಿಭೇದಿ ಎಂದು ನಮ್ಮವರು ಕರೆದ ಕಾಲರಾ ರೋಗದಲ್ಲಿ ಈ ಹರಿವು ತಿರುಗುಮುರುಗಾಗುತ್ತದೆ. ರೋಗಾಣು ಕರುಳನ್ನು ಕೊರೆದು ಹಾಳುಮಾಡುವುದಿಲ್ಲ. ಒಂದು ವಿಷವನ್ನು ಸುರಿಸುತ್ತದೆ. ಇದನ್ನು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ತೋರಿಸಿಕೊಟ್ಟರು. ವಿಷ ತಾಗಿದ ಜೀವಕೋಶಗಳು ಕ್ಲೋರೈಡನ್ನು ಹೊರಚೆಲ್ಲುತ್ತವೆ. ಸೋಡಿಯಮ್ಮೂ ನೀರೂ ಅದರ ಹಿಂದೆ ಹರಿದುಹೋಗುತ್ತವೆ. ಉಪ್ಪು ಒಳಗೆ ಬರುವ ಬೇರೊಂದು ದಾರಿಯೂ ಮುಚ್ಚಿಹೋಗುತ್ತದೆ. ಗಟ್ಟಿಮುಟ್ಟಾದ ಮನುಷ್ಯ ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ಕಳೆದುಕೊಂಡು ಒಂದೇ ದಿನದಲ್ಲಿ ಸಾಯಬಹುದು. ಅಜ್ಜಿ ಹೇಳುತ್ತಿದ್ದಂತೆ ಬರಿಯ ನೀರು ಹೊರಟೇಹೋಗುತ್ತದೆ. ಉಪ್ಪು ನೀರೂ ನಿಲ್ಲದು. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ನಡೆಯುವ ಬಾಗಿಲನ್ನು ಮಾತ್ರ ಆ ವಿಷ ಮುಟ್ಟುವುದಿಲ್ಲ. ಉಪ್ಪು ನೀರಿಗೆ ಒಂದಿಷ್ಟು ಗ್ಲೂಕೋಸ್ ಬೆರೆಸಿದರೆ ಉಪ್ಪು ಒಳಗೆ ಹೋಗುತ್ತದೆ, ನೀರು ಹಿಂಬಾಲಿಸುತ್ತದೆ. ಇಲ್ಲಿ ಸಕ್ಕರೆಯನ್ನು ಆಹಾರವೆನ್ನುವುದಕ್ಕಿಂತ ಬೀಗದ ಕೈ ಎನ್ನುವುದು ಸರಿ.

ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಉಪ್ಪು ಗ್ಲೂಕೋಸುಗಳ ನೀರನ್ನು ಕುಡಿಸಿ ಕಾಲರಾ ರೋಗಿಗಳನ್ನು ಗುಣಪಡಿಸಿದ ವಿವರವನ್ನು 1953ರಲ್ಲೇ ಪ್ರಕಟಿಸಿದ್ದರು, ವೈದ್ಯಲೋಕ ಕಿವಿಗೊಡಲಿಲ್ಲ. ಹೀಗೇಕಾಗುತ್ತದೆಂದು ಹೇಳಬಲ್ಲ ಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಆಸ್ಪತ್ರೆಯೊಳಗೆ ಇದನ್ನು ಅಳೆದು ತೂಗಿ ಸಾಧಿಸಿದರು. ಆದರೂ ಸೂಜಿಯಿಲ್ಲದ ಚಿಕಿತ್ಸೆಯೂ ಒಂದು ಚಿಕಿತ್ಸೆಯೇ ಎಂಬ ತಾತ್ಸಾರ ಹೋಗಲಿಲ್ಲ.

ಹೋಗಬೇಕಾಗಿ ಬಂದದ್ದು 1971ರಲ್ಲಿ. ಬಂಗ್ಲಾದೇಶದ ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ಕಿಕ್ಕಿರಿದಿದ್ದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಯೇ ರೋಗಿಗಳು ಬಿದ್ದಿದ್ದರು. ರಕ್ತನಾಳಕ್ಕೆ ಹನಿಸುವ ಲವಣದ್ರವ ಮುಗಿಯುತ್ತ ಬಂದಿತ್ತು. ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬಿಸ್ ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ತಾಯಿ ತಂದೆಯರೂ ಬಂಧುಗಳೂ ಬಟ್ಟಲಿನಲ್ಲಿ ಹಿಡಿದು ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 3.6ಕ್ಕೆ ಇಳಿಯಿತು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಈ ಜೋಡಿಪ್ರವೇಶದ ಅರಿವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದೆಂದು ಎಣಿಸಿತು. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ. ನಮ್ಮ ಗೌರವಗಳ ನಡಿಗೆ ಯಾವಾಗಲೂ ನಿಧಾನ.

ಸಕ್ಕರೆ ಒಳ್ಳೆಯದೆಂದು ಇನ್ನಷ್ಟು ಸುರಿದರೆ ಅನರ್ಥ. ಕರುಳಿನೊಳಗಿನ ದ್ರವ ರಕ್ತಕ್ಕಿಂತ ಸಾಂದ್ರವಾದರೆ ನೀರು ರಕ್ತದಿಂದಲೇ ಕರುಳಿಗೆ ಇಳಿಯುತ್ತದೆ. ಭೇದಿಯಾದ ಮಗುವಿಗೆ ಅಂಗಡಿಯ ಸಿಹಿ ಪಾನೀಯ ಕೊಡಬಾರದೆನ್ನುವುದು ಇದಕ್ಕೇ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪೊಟ್ಟಣದ ಗ್ಲೂಕೋಸನ್ನು ಲೀಟರಿಗೆ 13.5 ಗ್ರಾಮಿಗೆ ಇಳಿಸಿ ಉಪ್ಪನ್ನೂ ತಗ್ಗಿಸಿತು. ಉಪ್ಪು ಹೆಚ್ಚಾದರೆ ಎಳೆಯ ಮಕ್ಕಳಿಗೆ ಅಪಾಯ.

ಗಂಜಿಯ ಜಾಣತನ ಈಗ ಕಾಣಬಹುದು. ಅದರಲ್ಲಿ ಗ್ಲೂಕೋಸ್ ಸರಗಳಾಗಿ ಅಡಗಿರುವುದರಿಂದ ದ್ರವ ಸಾಂದ್ರವಾಗುವುದಿಲ್ಲ. ಕರುಳು ಬಿಡಿಸಿಕೊಂಡಂತೆಲ್ಲ ಒಂದೊಂದಾಗಿ ಬಾಗಿಲಿಗೆ ಬರುತ್ತವೆ, ಉಪ್ಪು ಜೊತೆಗೂಡುತ್ತದೆ. ಅಕ್ಕಿಹಿಟ್ಟಿನ ದ್ರಾವಣ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನು ತಗ್ಗಿಸುತ್ತದೆಂದು ಪ್ರಯೋಗಗಳೂ ತೋರಿಸಿವೆ. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಇದರಿಂದ ಹಿಗ್ಗಬೇಕಾಗಿಲ್ಲ. ನೀರು ಬೇಡವೆಂದವರೂ ಅವರೇ.

ಪೊಟ್ಟಣ ಸಿಕ್ಕದೆಡೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಮೊಲೆಹಾಲು ನಿಲ್ಲಿಸಬಾರದು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. ಕಣ್ಣು ಗುಳಿಬಿದ್ದು, ಚಿವುಟಿದ ಚರ್ಮ ಹಾಗೆಯೇ ನಿಂತು, ಕುಡಿಯಲೂ ಆಗದಷ್ಟು ಮಗು ಸೋತಿದ್ದರೆ ಸೂಜಿಯೇ ಬೇಕು. ಆಗ ಆಸ್ಪತ್ರೆಗೆ ಓಡಬೇಕು. ಓಡುವ ದಾರಿಯಲ್ಲಿಯೂ, ಗುಟುಕು ಇಳಿಯುವಷ್ಟು ಎಚ್ಚರವಿದ್ದರೆ, ಆ ನೀರನ್ನೇ ಕುಡಿಸುತ್ತಿರಬೇಕು.