ಅರಿತವರು, ಅರುಹಬಲ್ಲವರು

ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಕಲಹಕ್ಕೆ ನಿಲ್ಲುತ್ತಾರೆ. ಅದನ್ನು ಅವರ ವಾಗ್ವಾದದಿಂದಲ್ಲ, ಶಿಷ್ಯರ ಪ್ರಯೋಗದಿಂದ ನಿರ್ಣಯಿಸಬೇಕೆಂದು ಗೊತ್ತಾಗುತ್ತದೆ. ಅದರ ಹಿಂದೆ ಮಾಳವಿಕೆಯನ್ನು ಕಾಣುವ ಅರಸನ ಹಂಚಿಕೆಯಿದ್ದರೂ, ಮಾತು ಮಾತ್ರ ನ್ಯಾಯವಾದುದೇ.

ನಮ್ಮ ವಿಶ್ವವಿದ್ಯಾನಿಲಯಗಳ ಕ್ರಮ ಬೇರೆ. ಪ್ರೌಢಶಾಲೆಯ ಉಪಾಧ್ಯಾಯನಾಗುವವನು ಬಿ.ಎಡ್. ಮಾಡಬೇಕು; ಅನುಭವಸ್ಥರ ಎದುರಿಗೆ ಪಾಠ ಹೇಳಿ ತಿದ್ದಿಸಿಕೊಳ್ಳಬೇಕು. ಕಾಲೇಜಿನ ಅಧ್ಯಾಪಕನಿಗೆ ಆ ಕಟ್ಟಳೆಯಿಲ್ಲ. ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್.ಡಿ. ಕಡ್ಡಾಯವೆಂದು ಯು.ಜಿ.ಸಿ. 2018ರಲ್ಲಿ ನಿಯಮ ಮಾಡಿತು; 2023ರಲ್ಲಿ ಅದನ್ನು ಸಡಿಲಿಸಿ, ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯನ್ನೇ ಕನಿಷ್ಠ ಅರ್ಹತೆಯಾಗಿಸಿತು. ನೆಟ್ ಪರೀಕ್ಷೆಯ 300 ಅಂಕಗಳಲ್ಲಿ 200 ವಿಷಯಕ್ಕೆ. ಬೋಧನೆ, ಸಂಶೋಧನೆ, ತರ್ಕ ಮೊದಲಾದವುಗಳಿಗೆಲ್ಲ ಸೇರಿ 100. ಎಲ್ಲವೂ ಸರಿಯುತ್ತರವನ್ನು ಆರಿಸುವ ಪ್ರಶ್ನೆಗಳೇ. ಒಂದು ಪಾಠವನ್ನೂ ಹೇಳಿಸದೆ ಪಾಠ ಹೇಳುವ ಅರ್ಹತೆಯನ್ನು ಅಳೆಯುವುದು ಈಜದವನಿಗೆ ಈಜಿನ ಪ್ರಮಾಣಪತ್ರ ಕೊಟ್ಟಂತಲ್ಲವೇ?

ವಿದ್ವತ್ತು ಬೇಡವೆಂದು ನಾನು ಹೇಳುತ್ತಿಲ್ಲ. ಕೆರೆಯಲ್ಲಿ ನೀರಿಲ್ಲದೆ ಕಾಲುವೆಗೆ ಏನು ಹರಿದೀತು? ಆದರೆ ಕಾಲುವೆಯೂ ಬೇಕು. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದಕ್ಕೊಂದು ಹೆಸರಿಟ್ಟರು. ವಿಷಯಜ್ಞಾನಕ್ಕೂ ಸಾಮಾನ್ಯ ಬೋಧನಾಕ್ರಮಕ್ಕೂ ಬೇರೆಯಾದ ಆ ಅರಿವನ್ನು ‘ವಿಷಯಬೋಧನಾ ಜ್ಞಾನ’ ಎನ್ನಬಹುದು. ಈ ವಿಷಯದಲ್ಲಿ ಕಲಿಯುವವನು ಎಲ್ಲಿ ಎಡವುತ್ತಾನೆ, ಏಕೆ ಎಡವುತ್ತಾನೆ, ಯಾವ ದೃಷ್ಟಾಂತ ಅವನನ್ನು ಎತ್ತುತ್ತದೆ ಎಂಬುದೇ ಆ ಅರಿವು.

ನಮ್ಮ ಛಂದಸ್ಸಿನ ಪಾಠವನ್ನೇ ನೋಡಿ. ‘ಪುಸ್ತಕ’ ಎಂಬಲ್ಲಿ ವಿದ್ಯಾರ್ಥಿ ‘ಪು’ವನ್ನು ಲಘುವೆಂದು ಗುರುತಿಸುತ್ತಾನೆ. ಒತ್ತಕ್ಷರದ ಹಿಂದಿನದು ಗುರು ಎಂಬ ಸೂತ್ರವನ್ನು ವಿದ್ವಾಂಸನು ಮತ್ತೊಮ್ಮೆ ಹೇಳುತ್ತಾನೆ. ಬಲ್ಲ ಅಧ್ಯಾಪಕನಾದರೋ ಹುಡುಗನು ಕಣ್ಣಿನಿಂದ ಎಣಿಸುತ್ತಿರುವನೆಂದು ಕಂಡುಕೊಳ್ಳುತ್ತಾನೆ. ಲಿಪಿಯಲ್ಲಿ ‘ಸ್’ ಮುಂದಿನ ಅಕ್ಷರಕ್ಕೆ ಅಂಟಿದೆ. ಉಚ್ಚಾರದಲ್ಲಿ ಅದು ಹಿಂದಿನದನ್ನು ಆತುಕೊಂಡಿದೆ. ‘ಪುಸ್-ತ-ಕ’ ಎಂದು ಬಾಯಿಬಿಟ್ಟು ಹೇಳಿಸಿದರೆ ಸಾಕು, ಸೂತ್ರವು ಕಿವಿಗೆ ತಾನಾಗಿ ಹತ್ತುತ್ತದೆ. ಈ ಉಪಾಯವನ್ನು ಯಾವ ಪದವಿಯೂ ಕೊಡುವುದಿಲ್ಲ.

ಇದರ ಅಭಾವಕ್ಕೆ ದಂಡ ತೆರುವವರು ಯಾರು? ಮನೆಯಲ್ಲಿ ಓದಿದವರಿಲ್ಲದೆ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿ. ಪಾಠ ತಲೆಗೆ ಹತ್ತದಿದ್ದಾಗ ಅವಳು ತನ್ನ ತಲೆಯನ್ನೇ ಹಳಿದುಕೊಂಡು ಮೌನವಾಗುತ್ತಾಳೆ. ಸೋಲು ಅವಳ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ, ಬೋಧಿಸಿದವರ ಸೇವಾಪುಸ್ತಕದಲ್ಲಲ್ಲ.

ನೇಮಕವನ್ನು ಕಾಯಂಗೊಳಿಸುವ ಮುನ್ನ ಒಂದು ವರ್ಷ, ಹಿರಿಯ ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕುಳಿತು ಕಿರಿಯರ ಪಾಠ ಕೇಳಲಿ. ಕಿರಿಯರೂ ಹಿರಿಯರ ಪಾಠ ಕೇಳಲಿ. ಇದಕ್ಕೆ ಹೊಸ ಪದವಿ ಬೇಡ, ಕಟ್ಟಡವೂ ಬೇಡ. ತಿದ್ದಿಸಿಕೊಳ್ಳುವ ಮನಸ್ಸೊಂದಿದ್ದರೆ ಸಾಕೆಂದು ನನ್ನ ನಂಬಿಕೆ.